ಜ್ವರದ ಮಾತ್ರೆ, ಗ್ಯಾಸಿನ ಮಾತ್ರೆ, ಆ್ಯಂಟಿಬಯೋಟಿಕ್: ಯಾವುದರ ಜೊತೆ ಯಾವುದು ಬೇಕು, ಯಾವುದು ಬೇಡ

ಮಳೆಗಾಲದ ಸಂಜೆ ಕಾಸರಗೋಡಿನ ಬದಿಯಡ್ಕದಲ್ಲೋ ಉಪ್ಪಳದಲ್ಲೋ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಜ್ವರಕ್ಕೊಂದು, ಮೈಕೈ ನೋವಿಗೊಂದು, ಶೀತಕ್ಕೊಂದು, ಹೊಟ್ಟೆ ಉರಿಯದ ಹಾಗೆ ಗ್ಯಾಸಿಗೊಂದು. ನಾಲ್ಕು ಬಗೆಯ ಮಾತ್ರೆ ಒಂದೇ ಕವರಿಗೆ ಬೀಳುತ್ತದೆ. ಮನೆಯಲ್ಲಿ ಆಗಲೇ ಒಂದು ಆ್ಯಂಟಿಬಯೋಟಿಕ್ ಕೋರ್ಸ್ ಕೂಡ ನಡೆಯುತ್ತಿರುತ್ತದೆ. ಇವೆಲ್ಲ ಒಂದೇ ಹೊಟ್ಟೆಗೆ ಹೋಗುತ್ತವೆ. ಅಲ್ಲಿ ಬ್ಯಾಕ್ಟೀರಿಯಾ ಇವೆ.

ಜ್ವರದ ಮಾತ್ರೆ ಜ್ವರಕ್ಕೆ, ಗ್ಯಾಸಿನದು ಗ್ಯಾಸಿಗೆ, ಬ್ಯಾಕ್ಟೀರಿಯಾಕ್ಕೂ ಅದಕ್ಕೂ ಏನು ಸಂಬಂಧ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಸಂಬಂಧ ಇದೆ. ಜರ್ಮನಿಯ ಹೈಡಲ್‌ಬರ್ಗ್‌ನ ಯುರೋಪಿಯನ್ ಸಂಶೋಧನಾ ಕೇಂದ್ರದವರು 2018ರಲ್ಲಿ ಸಾವಿರಕ್ಕೂ ಹೆಚ್ಚು ಔಷಧಿಗಳನ್ನು ಕರುಳಿನಲ್ಲಿರುವ 40 ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಹಾಕಿ ನೋಡಿದರು. ಆ್ಯಂಟಿಬಯೋಟಿಕ್ ಅಲ್ಲದ, ಮನುಷ್ಯನ ದೇಹಕ್ಕೆಂದೇ ಮಾಡಿದ ಔಷಧಿಗಳಲ್ಲೂ ಸುಮಾರು ಶೇ. 24ರಷ್ಟು ಒಂದಾದರೂ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆದವು. ಅಂದರೆ ನಾಲ್ಕರಲ್ಲಿ ಒಂದು.

ಹಾಗಾದರೆ ಎರಡು ಆಯ್ಕೆ ಮುಂದಿರುವಾಗ ಯಾವುದನ್ನು ತೆಗೆದುಕೊಳ್ಳಬೇಕು? ನನ್ನ ಉತ್ತರ ಸರಳ. ಆ್ಯಂಟಿಬಯೋಟಿಕ್ ನಡೆಯುವಷ್ಟು ದಿನ ಉಳಿದ ಮಾತ್ರೆಗಳನ್ನು ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ ಮಾಡಿ, ಬೇಕೇ ಬೇಕಾದದ್ದನ್ನು ಸರಿಯಾದ ಗಂಟೆ ನೋಡಿ ತೆಗೆದುಕೊಳ್ಳಿ. ಎಲ್ಲಿ ಗಂಟೆ ಮುಖ್ಯ, ಎಲ್ಲಿ ಮುಖ್ಯವಲ್ಲ ಅನ್ನುವುದನ್ನು ಕೆಳಗೆ ನೋಡೋಣ. ಇದು ಡಾಕ್ಟರ ಮಾತಿಗೆ ಬದಲಿ ಅಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಪ್ಯಾರಾಸಿಟಮಾಲ್ ಒಂದೇ? ಐಬುಪ್ರೊಫೆನ್ ಒಂದೇ? ಎರಡೂ ಸೇರಿದ್ದೇ?

ನಮ್ಮ ಕಡೆ ಹೆಚ್ಚು ಓಡುವುದು ಮೂರು. ಡೋಲೋ 650, ಕ್ರೋಸಿನ್ ತರದ ಬರೀ ಪ್ಯಾರಾಸಿಟಮಾಲ್. ಬರೀ ಐಬುಪ್ರೊಫೆನ್. ಮತ್ತೆ ಎರಡನ್ನೂ ಸೇರಿಸಿ ಮಾಡಿದ ಕಾಂಬಿಫ್ಲಾಮ್ ತರದ್ದು. ಇದರಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ನೋವು ಬೇಗ ಇಳಿಯುತ್ತದೆ ಅಂತ ಜನ ಮೂರನೆಯದನ್ನೇ ಕೇಳುತ್ತಾರೆ.

ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಈ ಮೂರೂ ಒಂದೇ ಅಲ್ಲ. ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವೃದ್ಧಾಶ್ರಮಗಳಲ್ಲಿ ಸಾಮಾನ್ಯವಾಗಿ ಕೊಡುವ ಒಂಬತ್ತು ಔಷಧಿಗಳನ್ನು ಅವರು ತೆಗೆದುಕೊಂಡರು. ನೋವಿನ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಕೊಲೆಸ್ಟರಾಲಿನ ಮಾತ್ರೆ, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆ, ಹೀಗೆ. ಇ. ಕೋಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾಕ್ಕೆ ಸಿಪ್ರೋಫ್ಲಾಕ್ಸಾಸಿನ್ ಜೊತೆಗೆ ಈ ಔಷಧಿಗಳನ್ನೂ ಕೊಟ್ಟು ನೋಡಿದರು. ಸಿಪ್ರೋಫ್ಲಾಕ್ಸಾಸಿನ್ ಅಂದರೆ ಉರಿಮೂತ್ರಕ್ಕೆ, ಭೇದಿಗೆ ನಮ್ಮಲ್ಲೂ ಬರೆದುಕೊಡುವ ಅದೇ ಸಿಪ್ರೋ.

ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಬ್ಯಾಕ್ಟೀರಿಯಾದಲ್ಲಿ ಆಗುವ ಜೀನ್ ಬದಲಾವಣೆಗಳನ್ನು ಜಾಸ್ತಿ ಮಾಡಿದವು. ಎರಡೂ ಸೇರಿದಾಗ ಪರಿಣಾಮ ಇನ್ನೂ ಜೋರಾಯಿತು. ಬದಲಾದ ಬ್ಯಾಕ್ಟೀರಿಯಾ ಸಿಪ್ರೋ ಒಂದಕ್ಕೇ ಅಲ್ಲ, ಬೇರೆ ಜಾತಿಯ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗದೆ ನಿಂತವು.

ಅದು ಹೇಗೆ? ಬ್ಯಾಕ್ಟೀರಿಯಾದ ಗೋಡೆಯಲ್ಲಿ ವಿಷವನ್ನು ಹೊರಗೆ ತಳ್ಳುವ ಪಂಪುಗಳಿವೆ. ಅಡಿಕೆ ತೋಟಕ್ಕೆ ನೀರು ನುಗ್ಗಿದಾಗ ಪಂಪು ಹಾಕಿ ಹೊರಗೆ ಬಿಡುವುದಿಲ್ಲವೇ, ಹಾಗೆ. ಮಾಮೂಲಿಯಾಗಿ ಈ ಪಂಪುಗಳು ಒಂದು ಹದದಲ್ಲಿ ಓಡುತ್ತವೆ. ಅವುಗಳನ್ನು ಹಿಡಿತದಲ್ಲಿಡುವ ಜೀನ್ ಕೆಟ್ಟರೆ ಪಂಪು ನಿಲ್ಲದೆ ಓಡುತ್ತದೆ. ಒಳಗೆ ಬಂದ ಔಷಧಿ ಕೆಲಸ ಮಾಡುವ ಮೊದಲೇ ಹೊರಗೆ ಹೋಗುತ್ತದೆ. ಪಂಪಿಗೆ ಇದು ಸಿಪ್ರೋ, ಇದು ಬೇರೆ ಔಷಧಿ ಅನ್ನುವ ಭೇದ ಅಷ್ಟಾಗಿ ಇಲ್ಲ. ಸಿಕ್ಕಿದ್ದನ್ನೆಲ್ಲ ತಳ್ಳುತ್ತದೆ. ಒಂದು ಔಷಧಿಯ ದೆಸೆಯಿಂದ ಹತ್ತು ಔಷಧಿ ಕೆಡುವುದು ಹೀಗೆ.

ಆ್ಯಸ್ಪಿರಿನ್ ಕಥೆ ಸ್ವಲ್ಪ ಬೇರೆ. ಅದರಿಂದ ಬರುವ ಸ್ಯಾಲಿಸಿಲೇಟ್ ಕೂಡ ಇದೇ ಪಂಪುಗಳನ್ನು ಎಬ್ಬಿಸುತ್ತದೆ ಅನ್ನುವುದು ದಶಕಗಳಿಂದ ಗೊತ್ತಿರುವ ವಿಷಯ. ಆದರೆ ಅಲ್ಲಿ ಜೀನ್ ಬದಲಾಗಬೇಕಾಗಿಲ್ಲ. ಸ್ಯಾಲಿಸಿಲೇಟ್ ಇರುವವರೆಗೆ ಪಂಪು ಜೋರು, ಹೋದ ಮೇಲೆ ಮತ್ತೆ ಮಾಮೂಲಿ. ಜೀನೇ ಬದಲಾದರೆ ಹಾಗಲ್ಲ. ಅದು ಬ್ಯಾಕ್ಟೀರಿಯಾದ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ನನಗೆ ಹೆಚ್ಚು ಕಳವಳ ತರುವುದು ಇದೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದೆಲ್ಲ ಪ್ರಯೋಗಾಲಯದ ಫಲಿತಾಂಶ. ಮನುಷ್ಯರಿಗೆ ಮಾತ್ರೆ ಕೊಟ್ಟು ನೋಡಿದ್ದಲ್ಲ. ಹೃದಯದ ತೊಂದರೆಗೆ ದಿನಾ 75 ಮಿಲಿಗ್ರಾಂ ಆ್ಯಸ್ಪಿರಿನ್ ತೆಗೆದುಕೊಳ್ಳುವ ದೊಡ್ಡವರು ಇದನ್ನು ಓದಿ ನಿಲ್ಲಿಸಲೇಬಾರದು. ಪ್ರಯೋಗದಲ್ಲಿ ಹಾಕಿದ ಸ್ಯಾಲಿಸಿಲೇಟ್ ಅದಕ್ಕಿಂತ ಬಹಳ ಜಾಸ್ತಿ. ಜ್ವರದಲ್ಲಿ ನರಳುವ ಮಗುವಿಗೆ ಪ್ಯಾರಾಸಿಟಮಾಲ್ ಕೊಡದೆ ಇರುವುದೂ ತಪ್ಪು.

ನನ್ನ ಆಯ್ಕೆ ಹೀಗಿದೆ. ಆ್ಯಂಟಿಬಯೋಟಿಕ್ ನಡೆಯುವಾಗ ಜ್ವರ, ನೋವು ಇದ್ದರೆ ಬರೀ ಪ್ಯಾರಾಸಿಟಮಾಲ್, ಅದೂ ಬೇಕಾದಾಗ ಮಾತ್ರ. ಎರಡೂ ಸೇರಿದ್ದು ಡಾಕ್ಟರು ಹೇಳದೆ ಬೇಡ. ಇದಕ್ಕೆ ಬ್ಯಾಕ್ಟೀರಿಯಾ ಬಿಟ್ಟು ಇನ್ನೂ ಗಟ್ಟಿಯಾದ ಕಾರಣಗಳಿವೆ. ಮಳೆಗಾಲದಲ್ಲಿ ಕಾಸರಗೋಡಿನ ಯಾವ ಜ್ವರ ಡೆಂಗಿ, ಯಾವುದು ಇಲಿಜ್ವರ ಅಂತ ಮೊದಲ ದಿನ ಹೇಳುವುದಕ್ಕೆ ಆಗುವುದಿಲ್ಲ. ಡೆಂಗಿಯಲ್ಲಿ ಐಬುಪ್ರೊಫೆನ್, ಆ್ಯಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಇಲಿಜ್ವರದಲ್ಲಿ ಕಿಡ್ನಿಗೆ ಮೊದಲೇ ಪೆಟ್ಟು ಬಿದ್ದಿರಬಹುದು, ಐಬುಪ್ರೊಫೆನ್ ಅದರ ಮೇಲೆ ಇನ್ನೊಂದು ಪೆಟ್ಟು. ಸಿಪ್ರೋ ಜಾತಿಯ ಆ್ಯಂಟಿಬಯೋಟಿಕ್ ಜೊತೆ ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಸೇರಿದರೆ ಕೆಲವರಿಗೆ, ಅದರಲ್ಲೂ ಅಪಸ್ಮಾರ ಇರುವವರಿಗೆ, ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಸೇರಿಕೆಯ ಮಾತ್ರೆಯಲ್ಲಿ ಲೆಕ್ಕ ತಪ್ಪುವುದೂ ಸುಲಭ. ಡೋಲೋದಲ್ಲಿ 650, ಕಾಂಬಿಫ್ಲಾಮ್‌ನಲ್ಲಿ 325, ಶೀತದ ಮಾತ್ರೆಯಲ್ಲಿ ಹೆಚ್ಚಾಗಿ 500. ಮೂರನ್ನೂ ಒಟ್ಟಿಗೆ ನುಂಗಿದರೆ ಒಂದು ಹೊತ್ತಿಗೆ 1,475 ಮಿಲಿಗ್ರಾಂ ಪ್ಯಾರಾಸಿಟಮಾಲ್. ದಿನಕ್ಕೆ ಮೂರು ಹೊತ್ತು ಹಾಗೆ ಮಾಡಿದರೆ 4,425. ಆರೋಗ್ಯವಾಗಿರುವ ದೊಡ್ಡವರಿಗೂ ದಿನದ ಮಿತಿ 4,000. ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಅದಕ್ಕಿಂತ ಎಷ್ಟೋ ಕಡಿಮೆ.

ಗ್ಯಾಸಿಗೆ: ಸಿರಪ್, ಈನೋ, ಅಥವಾ ಖಾಲಿ ಹೊಟ್ಟೆಯ ಮಾತ್ರೆ

ಇಲ್ಲಿಯ ವಿಷಯ ಪ್ರಯೋಗಾಲಯದ್ದಲ್ಲ. ಮನುಷ್ಯರಲ್ಲೇ ಅಳೆದು ನೋಡಿದ್ದು. ಆದರೂ ನಮ್ಮ ಮನೆಗಳಲ್ಲಿ ಹೆಚ್ಚು ಎಡವುವುದು ಇಲ್ಲೇ.

ಡೈಜೀನ್, ಜೆಲುಸಿಲ್ ತರದ ಸಿರಪ್ ಮತ್ತು ಅಗಿಯುವ ಮಾತ್ರೆಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಈ ಲೋಹಗಳು ಸಿಪ್ರೋ, ಓಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ತರದ ಆ್ಯಂಟಿಬಯೋಟಿಕ್‌ಗಳನ್ನು ಹೊಟ್ಟೆಯಲ್ಲೇ ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿದ ಗಂಟು ರಕ್ತಕ್ಕೆ ಇಳಿಯುವುದಿಲ್ಲ. ಸಿಪ್ರೋವನ್ನು ಇಂಥ ಸಿರಪ್ಪಿನ ಬೆನ್ನಿಗೇ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಶೇ. 80ಕ್ಕೂ ಹೆಚ್ಚು ಇಳಿಯಬಹುದು. 500 ಮಿಲಿಗ್ರಾಂ ಮಾತ್ರೆ ನುಂಗಿಯೂ 100 ಮಿಲಿಗ್ರಾಂ ನುಂಗಿದಷ್ಟೇ ಆಯಿತು.

ಜ್ವರ ಇಳಿಯುವುದಿಲ್ಲ ಅನ್ನುವುದು ಒಂದು ತೊಂದರೆ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲದಷ್ಟು, ಆದರೆ ತಾಗುವಷ್ಟು ಔಷಧಿ ಇದ್ದಾಗಲೇ ಗಟ್ಟಿ ಬ್ಯಾಕ್ಟೀರಿಯಾ ಉಳಿದು ಬೆಳೆಯುವುದಕ್ಕೆ ಒಳ್ಳೆಯ ಅವಕಾಶ. ಒಂದು ಚಮಚ ಗ್ಯಾಸಿನ ಸಿರಪ್ ಪೂರ್ತಿ ಡೋಸನ್ನು ಅರೆಬರೆ ಡೋಸ್ ಮಾಡಿಬಿಡುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಜಿಂಕ್ ಮಾತ್ರೆ ಇವೂ ಇದೇ ಗುಂಪು. ಬರೀ ಹಾಲು, ಬರೀ ಮೊಸರಿನ ಜೊತೆ ಸಿಪ್ರೋ ನುಂಗುವುದೂ ಬೇಡ. ಪೂರ್ತಿ ಊಟದಲ್ಲಿ ಸ್ವಲ್ಪ ಮಜ್ಜಿಗೆ ಇದ್ದರೆ ತೊಂದರೆ ಅಷ್ಟಿಲ್ಲ.

ಈನೋದಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇಲ್ಲ. ಅದು ಸೋಡಾ ಮತ್ತು ಸಿಟ್ರಿಕ್ ಆಮ್ಲ. ಹಾಗಾಗಿ ಈ ಕಟ್ಟಿಹಾಕುವ ತೊಂದರೆ ಅಲ್ಲಿಲ್ಲ. ಆದರೆ ಸೋಡಿಯಂ ಜಾಸ್ತಿ. ಬಿಪಿ ಇರುವವರು ದಿನಾ ಕುಡಿಯುವ ವಸ್ತು ಅಲ್ಲ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ, ಆಮ್ಲ ಹುಟ್ಟುವುದನ್ನೇ ತಡೆಯುತ್ತದೆ. ಸಿಪ್ರೋವನ್ನು ಲೋಹದ ಹಾಗೆ ಹಿಡಿದಿಡುವುದಿಲ್ಲ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಅನ್ನುವ ಆ್ಯಂಟಿಬಯೋಟಿಕ್‌ಗಳಿಗೂ ಇದರಿಂದ ಹೇಳುವಂಥ ತೊಂದರೆ ಇಲ್ಲ. ಆದರೆ ಸೆಫ್‌ಪೊಡಾಕ್ಸಿಮ್, ಸೆಫ್ಯುರಾಕ್ಸಿಮ್ ಇವು ರಕ್ತಕ್ಕೆ ಇಳಿಯಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಆಮ್ಲ ಕಡಿಮೆ ಮಾಡುವ ಮಾತ್ರೆ ಜೊತೆ ಅವುಗಳ ಬಲ ತಗ್ಗುತ್ತದೆ. ಸೆಫ್ ಅಂತ ಶುರುವಾಗುವ ಹೆಸರು ಕಂಡ ಕೂಡಲೇ ಎಲ್ಲ ಒಂದೇ ಅಂದುಕೊಳ್ಳಬೇಡಿ.

ಇದರಲ್ಲಿ ಇನ್ನೊಂದು ಮುಖವಿದೆ. ಹೊಟ್ಟೆಯ ಆಮ್ಲ ಸುಮ್ನೆ ಇರುವುದಲ್ಲ. ನಾವು ತಿಂದದ್ದು ಕುಡಿದದ್ದರ ಜೊತೆ ಬರುವ ಕೆಟ್ಟ ಬ್ಯಾಕ್ಟೀರಿಯಾವನ್ನು ಅದು ಬಾಗಿಲಲ್ಲೇ ಕೊಲ್ಲುತ್ತದೆ. ತಿಂಗಳುಗಟ್ಟಲೆ ಆಮ್ಲ ತಗ್ಗಿಸಿದರೆ ಸಾಲ್ಮೊನೆಲ್ಲಾದಂಥ ಸೋಂಕಿಗೆ ದಾರಿ ಸುಲಭ. ಈ ಮಾತ್ರೆ ನುಂಗುವವರಲ್ಲಿ, ಆ್ಯಂಟಿಬಯೋಟಿಕ್ ನಂತರ ಬರುವ ಸಿ. ಡಿಫಿಸೀಲ್ ಅನ್ನುವ ಕೆಟ್ಟ ಭೇದಿಯ ಅಪಾಯ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿದೆ. ಆ್ಯಂಟಿಬಯೋಟಿಕ್ ಅಂದ ಕೂಡಲೇ ಜೊತೆಗೊಂದು ಪ್ಯಾನ್ ಮಾತ್ರೆ ಅನ್ನುವ ರೂಢಿ ನಮ್ಮಲ್ಲಿ ಬಿಗಿಯಾಗಿ ಕೂತಿದೆ. ಹೊಟ್ಟೆ ಉರಿ ಇಲ್ಲದವರಿಗೆ ಅದು ಬೇಕಾಗಿಯೇ ಇಲ್ಲ.

ಹಾಗಂತ ಈ ಜೋಡಿ ಎಲ್ಲ ಕಡೆ ಕೆಟ್ಟದ್ದಲ್ಲ. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಕ್ಕೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರಲ್ಲಿ ನೊಬೆಲ್ ಪಡೆದರು. ಅದರ ಚಿಕಿತ್ಸೆಯೇ ಆಮ್ಲ ತಗ್ಗಿಸುವ ಮಾತ್ರೆ ಮತ್ತು ಆ್ಯಂಟಿಬಯೋಟಿಕ್‌ಗಳ ಜೋಡಿ. ಅಲ್ಲಿ ಡಾಕ್ಟರು ಲೆಕ್ಕ ಹಾಕಿಯೇ ಕೊಡುತ್ತಾರೆ. ಅದರಿಂದ ಒಂದನ್ನು ನೀವಾಗಿ ಬಿಡುವ ಹಾಗಿಲ್ಲ.

ಭೇದಿಗೆ

ಓಆರ್‌ಎಸ್ ಮೊದಲು. ಉಳಿದದ್ದೆಲ್ಲ ಆಮೇಲೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಕಾಯಿಸಿ ಆರಿಸಿದ್ದು. ಓಆರ್‌ಎಸ್ ಬ್ಯಾಕ್ಟೀರಿಯಾದ ತಂಟೆಗೆ ಹೋಗುವುದಿಲ್ಲ, ಯಾವ ಆ್ಯಂಟಿಬಯೋಟಿಕ್ ಜೊತೆಗೂ ಜಗಳವಾಡುವುದಿಲ್ಲ.

ಲೋಪೆರಮೈಡ್ ಕರುಳಿನ ಓಟವನ್ನು ನಿಲ್ಲಿಸುತ್ತದೆ. ಬಸ್ಸಿನಲ್ಲಿ ಮಂಗಳೂರಿಗೆ ಹೋಗಬೇಕಾದ ದಿನ ಅದು ವರದಾನ ಅನ್ನಿಸಬಹುದು. ಆದರೆ ಜ್ವರ ಇದ್ದರೆ, ರಕ್ತ ಬಿದ್ದರೆ ಬೇಡವೇ ಬೇಡ. ಹೊರಗೆ ಹೋಗಬೇಕಾದ ಬ್ಯಾಕ್ಟೀರಿಯಾ, ಅದರ ವಿಷ ಒಳಗೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಈ ಲೋಪೆರಮೈಡ್ ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಒಳಗೆ ನುಗ್ಗುವುದಕ್ಕೆ ಸಹಾಯ ಮಾಡುತ್ತದೆ ಅಂತ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದ್ದಾರೆ. ಔಷಧಿ ಸೇರಿದರೆ ಕೆಟ್ಟದ್ದೇ ಆಗಬೇಕೆಂದಿಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಅದನ್ನು ನಂಬಿ ಮನೆಯಲ್ಲಿ ಎರಡನ್ನೂ ಕೂಡಿಸಿ ನುಂಗುವ ಹಾಗಿಲ್ಲ. ಹೈಡಲ್‌ಬರ್ಗ್‌ನವರು ಅದೇ 2018ರಲ್ಲಿ ಸುಮಾರು 3,000 ಜೋಡಿಗಳನ್ನು ಮೂರು ಬಗೆಯ ಬ್ಯಾಕ್ಟೀರಿಯಾದ ಮೇಲೆ ನೋಡಿದಾಗ, ಒಂದಕ್ಕೊಂದು ಬಲ ಕೊಡುವ ಜೋಡಿಗಳಿಗಿಂತ ಒಂದರ ಬಲ ಇನ್ನೊಂದು ತಗ್ಗಿಸುವ ಜೋಡಿಗಳೇ ಹೆಚ್ಚು ಸಿಕ್ಕಿದವು. ಒಂದು ಬ್ಯಾಕ್ಟೀರಿಯಾದಲ್ಲಿ ಒಪ್ಪಿದ ಜೋಡಿ ಹೆಚ್ಚಾಗಿ ಇನ್ನೊಂದರಲ್ಲಿ ಒಪ್ಪಲಿಲ್ಲ.

ಓಫ್ಲಾಕ್ಸಾಸಿನ್ ಮತ್ತು ಓರ್ನಿಡಜೋಲ್ ಸೇರಿದ ಮಾತ್ರೆಯನ್ನು ಭೇದಿಯ ಮಾತ್ರೆ ಅಂತಲೇ ಹೆಸರಿಟ್ಟು ಕೇಳುವವರಿದ್ದಾರೆ. ಅದು ಎರಡು ಆ್ಯಂಟಿಬಯೋಟಿಕ್. ಹೆಚ್ಚಿನ ಭೇದಿ ಯಾವ ಆ್ಯಂಟಿಬಯೋಟಿಕ್ ಇಲ್ಲದೆಯೇ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ.

ಎರಡು ಚೀಟಿ, ಒಂದೇ ಡಬ್ಬಿ

ಗಡಿ ಊರಿನವರಿಗೆ ಇರುವ ತೊಂದರೆ ಬೇರೆಯವರಿಗೆ ಅಷ್ಟಾಗಿ ಇಲ್ಲ. ಸಣ್ಣ ಜ್ವರಕ್ಕೆ ಊರಿನ ಆರೋಗ್ಯ ಕೇಂದ್ರ, ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಮಂಗಳೂರು. ಅಲ್ಲಿಯ ಡಾಕ್ಟರಿಗೆ ಇಲ್ಲಿಯ ಚೀಟಿ ಗೊತ್ತಿಲ್ಲ, ಇಲ್ಲಿಯವರಿಗೆ ಅಲ್ಲಿಯದು ಗೊತ್ತಿಲ್ಲ. ಎರಡೂ ಕಡೆಯ ಮಾತ್ರೆ ಬಂದು ಬೀಳುವುದು ದೊಡ್ಡಮ್ಮನ ಒಂದೇ ಬಿಸ್ಕೆಟ್ ಡಬ್ಬಿಗೆ.

ಆ ಡಬ್ಬಿ ತೆರೆದು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಕತ್ತರಿಯಲ್ಲಿ ತುಂಡು ಮಾಡಿದ ಸ್ಟ್ರಿಪ್ಪುಗಳು. ಒಂದರಲ್ಲಿ ಹೆಸರಿನ ಕೊನೆಯ ಮೂರು ಅಕ್ಷರ, ಇನ್ನೊಂದರಲ್ಲಿ ಬರೀ ಬೆಲೆ. ಎರಡು ಬಿಳಿ ಉರುಟು ಮಾತ್ರೆ ಕಾಗದದ ಪೊಟ್ಟಣದಲ್ಲಿ, ಮೇಲೆ ಪೆನ್ನಿನಲ್ಲಿ "ರಾತ್ರಿ" ಅಂತ. ಯಾವ ರಾತ್ರಿಗೆ, ಯಾವ ಕಾಯಿಲೆಗೆ ಅಂತ ಈಗ ಯಾರಿಗೂ ಗೊತ್ತಿಲ್ಲ.

ಕೇರಳ 2018ರಲ್ಲಿ ಆ್ಯಂಟಿಬಯೋಟಿಕ್ ನಿರೋಧದ ವಿರುದ್ಧ ರಾಜ್ಯಮಟ್ಟದ ಯೋಜನೆ ತಂದಿತು. 2024ರಲ್ಲಿ ಆಪರೇಷನ್ ಅಮೃತ್ ಹೆಸರಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ಶುರುವಾಯಿತು. ಆ್ಯಂಟಿಬಯೋಟಿಕ್ ಅನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮವೂ ಬಂತು. ಇದು ನನಗೆ ತುಂಬ ಹಿಡಿಸಿದ ಏರ್ಪಾಡು. ಓದಲು ಬಾರದವರಿಗೂ ಬಣ್ಣ ಗೊತ್ತಾಗುತ್ತದಲ್ಲ. ಆದರೆ ಮಂಗಳೂರಿನಲ್ಲಿ ಕೊಂಡ ಮಾತ್ರೆಗೆ ನೀಲಿ ಕವರ್ ಬರುವುದಿಲ್ಲ ಅನ್ನುವುದು ನೆನಪಿರಲಿ. ಅದಕ್ಕೆ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆಯಾ ನೋಡಿ. ಆ ಗೆರೆಯನ್ನು ಗುರುತಿಸಿ ಅಂತ ಕೇಂದ್ರ ಸರ್ಕಾರ 2016ರಿಂದ ಹೇಳುತ್ತಿದೆ. ಕೆಂಪು ಗೆರೆ ಇರುವುದೆಲ್ಲ ಆ್ಯಂಟಿಬಯೋಟಿಕ್ ಅಲ್ಲ. ಆದರೆ ಚೀಟಿ ಇಲ್ಲದೆ ನುಂಗಬಾರದ್ದು ಅನ್ನುವುದು ಖಂಡಿತ.

ನೀಲಿ ಕವರಿನದ್ದನ್ನು ಡಬ್ಬಿಗೆ ಹಾಕದೆ ಬೇರೆಯೇ ಇಡಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಇರುವ ತುಂಡೇ ಕೊಡಿ ಅಂತ ಕೇಳಿ. ಇಲ್ಲವಾದರೆ ಮೊಬೈಲಿನಲ್ಲಿ ಪೂರ್ತಿ ಸ್ಟ್ರಿಪ್ಪಿನ ಫೋಟೋ ತೆಗೆಯಿರಿ. ಅಂಗಡಿಯಲ್ಲಿ ಮಲಯಾಳದಲ್ಲಿ ಹೇಳಿದ್ದು ಸರಿಯಾಗಿ ತಿಳಿಯದಿದ್ದರೆ ತಲೆಯಾಡಿಸಿ ಬರಬೇಡಿ. "ಅಣ್ಣಾ, ಅಮ್ಮನಿಗೆ ಮಂಗಳೂರಿನ ಡಾಕ್ಟರು ಇದು ಕೊಟ್ಟಿದ್ದಾರೆ, ಗ್ಯಾಸಿನ ಸಿರಪ್ ಜೊತೆ ಆಗ್ತದಾ?" ಅಂತ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ನಮ್ಮ ಕಡೆಯ ಹೆಚ್ಚಿನ ಅಂಗಡಿಗಳಲ್ಲಿ ಉತ್ತರ ಸಿಗುತ್ತದೆ.

ಇಲಿಜ್ವರದ ಡಾಕ್ಸಿ, ಉರಿಮೂತ್ರದ ಸಿಪ್ರೋ: ಗಂಟೆಯ ಲೆಕ್ಕ

ಮಳೆಗಾಲದಲ್ಲಿ ಕೆಸರು ನೀರಿಗೆ ಇಳಿದು ಗದ್ದೆಯಲ್ಲಿ, ತೋಟದಲ್ಲಿ, ಚರಂಡಿಯಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಾರದ ಹಾಗೆ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಕೊಡುತ್ತದೆ. ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ 100ರ ಎರಡು ಮಾತ್ರೆ. ವಾರಕ್ಕೆ ಒಂದೇ ಡೋಸ್ ಆದ್ದರಿಂದ ಅದು ಕೆಟ್ಟರೆ ಇಡೀ ವಾರದ ರಕ್ಷಣೆ ಕೆಟ್ಟ ಹಾಗೆ. ಹಾಲಿನಿಂದ ಡಾಕ್ಸಿಗೆ ಆಗುವ ನಷ್ಟ ಸಣ್ಣದು. ಕಬ್ಬಿಣದ ಮಾತ್ರೆಯಿಂದ ಆಗುವುದು ದೊಡ್ಡದು. ಗ್ಯಾಸಿನ ಸಿರಪ್ಪಿನಿಂದಲೂ ದೊಡ್ಡದೇ. ಡಾಕ್ಸಿ ನುಂಗುವ ದಿನ ಕಬ್ಬಿಣದ ಮಾತ್ರೆಯನ್ನು ಬಿಡಬಹುದಾ ಅಂತ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ. ಒಂದು ದಿನ ಬಿಡುವುದೇ ಎಲ್ಲಕ್ಕಿಂತ ಸುಲಭ. ಬೆಳಗ್ಗಿನ ಗಂಜಿ ಉಂಡ ಮೇಲೆ ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆಯಾದರೂ ಮಲಗದೆ ಇರಿ. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಗರ್ಭಿಣಿಯರಿಗೆ, ಎಂಟು ವರ್ಷದ ಒಳಗಿನ ಮಕ್ಕಳಿಗೆ ಡಾಕ್ಸಿ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಡಾಕ್ಟರು ಬೇರೆ ಮಾತ್ರೆ ಬರೆಯುತ್ತಾರೆ. ಡಾಕ್ಸಿ ನುಂಗಿದ್ದೇನೆ ಅಂತ ಜ್ವರ ಬಂದಾಗ ಮನೆಯಲ್ಲಿ ಕೂರಬೇಡಿ. ಮೀನಖಂಡದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸಿಪ್ರೋ ದಿನಕ್ಕೆರಡು ಹೊತ್ತು ಇದ್ದರೆ ನಿಯಮ ಹೀಗೆ: ಗ್ಯಾಸಿನ ಸಿರಪ್, ಕಬ್ಬಿಣ, ಕ್ಯಾಲ್ಸಿಯಂ, ಜಿಂಕ್ ಇವುಗಳಿಗಿಂತ ಸಿಪ್ರೋ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಸಿಪ್ರೋ ಅಂತ ಇಟ್ಟುಕೊಳ್ಳಿ. ಆಗ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ಇವೆಲ್ಲಕ್ಕೂ ಜಾಗ ಇದೆ. ಮಧ್ಯಾಹ್ನದ ಊಟದ ಮಜ್ಜಿಗೆಯೂ ಆ ಹೊತ್ತಿಗೇ ಬರುತ್ತದೆ. 2 ಗಂಟೆಯ ಮೇಲೆ ಎದೆ ಉರಿದರೆ ಸಿರಪ್ಪಿಗೆ ಕೈ ಹಾಕಬೇಡಿ. ರಾತ್ರಿ 10ರವರೆಗೆ ತಡೆಯುವುದಕ್ಕೆ ಆಗದಷ್ಟು ಉರಿ ಇದ್ದರೆ ಬೆಳಗ್ಗಿನ ಪ್ಯಾಂಟೊಪ್ರಜೋಲ್ ಕೆಲವು ದಿನಕ್ಕೆ ಸಾಕಾದೀತಾ ಅಂತ ಡಾಕ್ಟರನ್ನು ಕೇಳಿ. ಪ್ಯಾರಾಸಿಟಮಾಲ್‌ಗೆ ಈ ಗಂಟೆಯ ಕಟ್ಟು ಇಲ್ಲ. ಜ್ವರ ಏರಿದಾಗ ನುಂಗಬಹುದು, ಎರಡು ಡೋಸಿನ ನಡುವೆ ಆರು ಗಂಟೆ ಇರಲಿ.